ಹೊಳಪಿನ ಕೆಳಗಿನ ಕೆಲಸ

ಕೆಂಗಂದು ಹಲಗೆಗಳು, ಅವುಗಳ ನಡುವೆ ದಾರ ಹಿಡಿದು ಎಳೆದಂಥ ಬಿಳಿ ಗೆರೆಗಳು, ಮೇಲೆ ಕನ್ನಡಿಯಂಥ ಹೊಳಪು. ಅಮೆರಿಕದ ಮಿಷಿಗನ್ ರಾಜ್ಯದ ಆಲ್ಗೊನಾಕ್‌ನಲ್ಲಿ ಕ್ರಿಸ್ಟೋಫರ್ ಕೊಲಂಬಸ್ ಸ್ಮಿತ್ ಮತ್ತು ಅವರ ಮಕ್ಕಳು ಕಟ್ಟುತ್ತಿದ್ದ ಕ್ರಿಸ್‌ಕ್ರಾಫ್ಟ್ ಸ್ಪೀಡ್‌ಬೋಟುಗಳ ಡೆಕ್ ನೋಡಿದವರು ಮರೆಯುವುದಿಲ್ಲ. ಅವುಗಳಲ್ಲಿ ಹೇರಳವಾಗಿ ಬಳಸಿದ 'ಫಿಲಿಪೈನ್ ಮಹಾಗನಿ' ನಿಜವಾದ ಮಹಾಗನಿಯಲ್ಲ, ನಮ್ಮ ಸಾಲ ವೃಕ್ಷದ ಬಳಗದ ಮರ.

ಆ ಬಿಳಿ ಗೆರೆ ಬಿರುಕು ಬಿಟ್ಟಿತೆಂದರೆ ನೀರು ಒಳಗಿಳಿಯುತ್ತದೆ, ಹಲಗೆಯ ಅಂಚು ಕಪ್ಪಾಗುತ್ತದೆ. ಜೀರ್ಣೋದ್ಧಾರ ಶುರುವಾಗುವುದು ಅಲ್ಲಿಂದ. ಹಳೆಯ ವಾರ್ನಿಷ್ ಕೆರೆದು ತೆಗೆದು, ಕಪ್ಪು ಕಲೆಗಳನ್ನು ಆಕ್ಸಾಲಿಕ್ ಆಮ್ಲದಿಂದ ತಿಳಿಗೊಳಿಸಿ, ಕೊಳೆತ ಹಲಗೆಯನ್ನಷ್ಟೇ ಬದಲಿಸುತ್ತಾರೆ. ಯಂತ್ರದಿಂದ ಉಜ್ಜಿಬಿಡುವ ಆತುರ ಇಲ್ಲಿ ಸಲ್ಲದು. ಹಲಗೆ ಸವೆದಷ್ಟೂ ಅದರೊಳಗೆ ಹುದುಗಿದ ಸ್ಕ್ರೂ ತಲೆ ಮೇಲ್ಮೈಗೆ ಹತ್ತಿರವಾಗುತ್ತದೆ. ಸವೆದ ಮರ ಮರಳಿ ಬರುವುದಿಲ್ಲ.

ನನ್ನನ್ನು ಬೆರಗುಗೊಳಿಸುವುದು ಬಿರಡೆಗಳ ಕೆಲಸ. ಪ್ರತಿ ಸ್ಕ್ರೂ ತಲೆಯನ್ನು ಮುಚ್ಚಲು ಅದೇ ಮರದ ಪುಟ್ಟ ಬಿರಡೆಯೊಂದಿರುತ್ತದೆ. ಹಳೆಯದನ್ನು ಕೀಳಲು ಅದರ ನಡುವೆ ಸಣ್ಣ ತೂತು ಕೊರೆದು ಬೇರೊಂದು ಸ್ಕ್ರೂ ತಿರುಗಿಸುತ್ತಾರೆ. ಅದರ ತುದಿ ಕೆಳಗಿನ ಸ್ಕ್ರೂ ತಲೆಗೆ ತಾಗಿದ ಮೇಲೆ ಮುಂದೆ ಹೋಗಲು ದಾರಿಯಿಲ್ಲ; ತಿರುಗಿಸಿದಂತೆಲ್ಲ ಬಿರಡೆಯೇ ತೂತಿನ ಅಂಚಿಗೆ ಗಾಯವಾಗದಂತೆ ಮೇಲೆದ್ದು ಬರುತ್ತದೆ. ಹೊಸ ಬಿರಡೆಯನ್ನು ಹಲಗೆಯ ಎಳೆಗೆ ಎಳೆ ಕೂಡುವಂತೆ ತಿರುಗಿಸಿ ಕೂರಿಸಬೇಕು. ನುರಿತವರು ಅದಕ್ಕೆ ಗಟ್ಟಿ ಅಂಟು ಹಚ್ಚುವುದಿಲ್ಲ, ವಾರ್ನಿಷ್‌ನಲ್ಲಿ ಅದ್ದಿ ಕೂರಿಸುತ್ತಾರೆ. ಮುಂದೊಂದು ದಿನ ಅದನ್ನು ಬಿಚ್ಚಬೇಕಾದ ಬಡಗಿಯ ಮೇಲಿನ ಕರುಣೆ ಅದು.

ಬಳಿಕ ಬಣ್ಣದ ಪೇಸ್ಟನ್ನು ಎಳೆಗೆ ಅಡ್ಡವಾಗಿ ತಿಕ್ಕಿ ಮರದ ರಂಧ್ರ ತುಂಬಬೇಕು. ಮೊದಲ ಕೋಟ್ ವಾರ್ನಿಷ್ ತೆಳ್ಳಗೆ, ಮರ ಕುಡಿಯುವ ಹಾಗೆ. ಕೆಲವು ಕೋಟ್ ಆದ ಮೇಲೆ ಅಂಚಿಗೆ ಟೇಪ್ ಅಂಟಿಸಿ ಸಂದುಗಳಿಗೆ ಬಿಳಿ ಸೀಲಂಟ್ ತುಂಬುತ್ತಾರೆ. ಮರ ಹಿಗ್ಗಿ ಕುಗ್ಗಿದಾಗ ಜೊತೆಗೆ ಬಾಗುವಂಥದ್ದೇ ಬೇಕು. ಮತ್ತೆ ವಾರ್ನಿಷ್, ಒಣಗಿದ ಮೇಲೆ ನಯವಾದ ಸ್ಯಾಂಡ್‌ಪೇಪರ್, ಮತ್ತೆ ವಾರ್ನಿಷ್. ಹತ್ತು ಹನ್ನೆರಡು ಕೋಟ್ ಸಾಮಾನ್ಯ.

ಅಷ್ಟೆಲ್ಲ ಮಾಡಿದರೂ ಬಿಸಿಲು ವಾರ್ನಿಷನ್ನು ತಿನ್ನುತ್ತಲೇ ಇರುತ್ತದೆ. ಹಾಗಾಗಿ ಒಳ್ಳೆಯ ಡೆಕ್‌ಗೂ ವರ್ಷಕ್ಕೊಮ್ಮೆ ಹಗುರಾಗಿ ಉಜ್ಜಿ ಒಂದೆರಡು ಕೋಟ್ ಹಚ್ಚಬೇಕು.