ಸ್ವಾತಿ: ಕಿತ್ತಳೆ ದೈತ್ಯ ನಕ್ಷತ್ರವೊಂದರ ಭೌತ ಲಕ್ಷಣಗಳು

ಕರ್ನಾಟಕದ ಕೃಷಿಕರಿಗೆ ಸ್ವಾತಿ ಎಂಬುದು ಮೊದಲು ಮಳೆಯ ಹೆಸರು, ಅನಂತರ ನಕ್ಷತ್ರದ ಹೆಸರು. ಅಕ್ಟೋಬರ್ ಕೊನೆಯ ಭಾಗದಿಂದ ನವೆಂಬರ್ ಮೊದಲ ವಾರದವರೆಗೆ ಬೀಳುವ ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಮುತ್ತಾಗುತ್ತದೆಂಬ ನಂಬಿಕೆಯೂ ಹಳೆಯದು. ಈ ಮಳೆಯ ಗಣನೆ ಸೂರ್ಯನ ಪಥದ ಒಂದು ವಿಭಾಗವನ್ನು ಅವಲಂಬಿಸಿದೆ; ಆ ಹೆಸರಿನ ತಾರೆಯಾದರೋ ಕ್ರಾಂತಿವೃತ್ತದಿಂದ ಸುಮಾರು 31 ಡಿಗ್ರಿ ಉತ್ತರದಲ್ಲಿದೆ.

ಪಾಶ್ಚಾತ್ಯ ಖಗೋಳವಿಜ್ಞಾನದಲ್ಲಿ ಇದು ಬೂಟೀಸ್ ಮಂಡಲದ ಆರ್ಕ್‌ಟ್ಯೂರಸ್. ಸಪ್ತರ್ಷಿ ಮಂಡಲದ ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ದೃಷ್ಟಿ ಇದರ ಮೇಲೆ ನಿಲ್ಲುತ್ತದೆ. ಖಗೋಳದ ಉತ್ತರಾರ್ಧದಲ್ಲಿ ಇದಕ್ಕಿಂತ ಉಜ್ಜ್ವಲವಾದ ನಕ್ಷತ್ರವಿಲ್ಲ.

ಸ್ವಾತಿಯ ದೂರ ಸುಮಾರು 37 ಜ್ಯೋತಿರ್ವರ್ಷ. ಇದರ ದ್ರವ್ಯರಾಶಿ ಸೂರ್ಯನದಕ್ಕಿಂತ ಕೊಂಚವೇ ಅಧಿಕ. ವ್ಯಾಸವಾದರೋ 25 ಪಟ್ಟು. ಮೇಲ್ಮೈ ಉಷ್ಣತೆ ಸುಮಾರು 4,300 ಕೆಲ್ವಿನ್ ಆಗಿರುವುದರಿಂದ ಬಣ್ಣ ಕಿತ್ತಳೆ. ಪ್ರತಿ ಚದರ ಮೀಟರಿನಿಂದ ಹೊಮ್ಮುವ ಶಕ್ತಿ ಸೂರ್ಯನದರ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಆದರೆ ಮೇಲ್ಮೈಯ ವಿಸ್ತಾರ 600 ಪಟ್ಟಿಗೂ ಮಿಗಿಲಾದುದರಿಂದ ಒಟ್ಟು ಕಾಂತಿ ಸೂರ್ಯನ 170ರಿಂದ 200 ಪಟ್ಟು ಆಗುತ್ತದೆ. ಸರಾಸರಿ ಸಾಂದ್ರತೆ ಮಾತ್ರ ಸೂರ್ಯನದರ ಸುಮಾರು 15,000ದಲ್ಲಿ ಒಂದು ಪಾಲು.

ಈ ಹಿಗ್ಗುವಿಕೆಗೆ ಕಾರಣ ಒಡಲಿನಲ್ಲಿದೆ. ಗರ್ಭದ ಹೈಡ್ರೊಜನ್ ಮುಗಿದು ಹೀಲಿಯಂ ಶೇಖರವಾದಾಗ ಗರ್ಭ ಕುಗ್ಗುತ್ತದೆ. ಅದನ್ನು ಸುತ್ತಿದ ಕವಚದಲ್ಲಿ ಹೈಡ್ರೊಜನ್ ಸಂಲಯನ ತೀವ್ರಗೊಂಡು ಹೊರಪದರಗಳು ಹಿಗ್ಗಿ ತಣಿಯುತ್ತವೆ. ಸುಮಾರು 500 ಕೋಟಿ ವರ್ಷಗಳ ಬಳಿಕ ಸೂರ್ಯನೂ ಇದೇ ಹಾದಿಯನ್ನು ಹಿಡಿಯಲಿದ್ದಾನೆ. ಹಿಗ್ಗಿದ ನಕ್ಷತ್ರದಲ್ಲಿ ಒಳಗಿನ ದ್ರವ್ಯವು ಸಂವಹನದಿಂದ ಮೇಲ್ಮೈಗೆ ಬರುತ್ತದೆ. ಸೂರ್ಯನಲ್ಲಿ ಕಾರ್ಬನ್-12 ಹಾಗೂ ಕಾರ್ಬನ್-13 ಸಮಸ್ಥಾನಿಗಳ ಅನುಪಾತ ಸುಮಾರು 90. ಸ್ವಾತಿಯಲ್ಲಿ ಅದು 10ಕ್ಕಿಂತ ಕಡಿಮೆ. ಸರಳ ಸಂವಹನ ಸಿದ್ಧಾಂತವು ಇಷ್ಟೊಂದು ಇಳಿಕೆಯನ್ನು ವಿವರಿಸಲಾರದಾದುದರಿಂದ ಇನ್ನಾವುದೋ ಹೆಚ್ಚುವರಿ ಮಿಶ್ರಣಕ್ರಿಯೆಯನ್ನು ಒಪ್ಪಬೇಕಾಗುತ್ತದೆ. ಸೂರ್ಯನ ಭವಿಷ್ಯದ ಲೆಕ್ಕಾಚಾರಕ್ಕೂ ಈ ಪ್ರಶ್ನೆ ಸಂಬಂಧಿಸಿದೆ.

1718ರಲ್ಲಿ ಎಡ್ಮಂಡ್ ಹ್ಯಾಲಿ ಪ್ರಾಚೀನ ಗ್ರೀಕರ ದಾಖಲೆಗಳೊಡನೆ ತನ್ನ ಕಾಲದ ಸ್ಥಾನಗಳನ್ನು ಹೋಲಿಸಿ, ಸ್ವಾತಿಯೂ ಸೇರಿದಂತೆ ಕೆಲವು ತಾರೆಗಳು ಸರಿದಿರುವುದನ್ನು ತೋರಿಸಿದನು. ನಕ್ಷತ್ರಗಳು ಸ್ಥಿರವೆಂಬ ಭಾವನೆ ಇದರಿಂದ ಸಡಿಲಿತು. ಸ್ವಾತಿಯ ವಾರ್ಷಿಕ ಚಲನೆ 2.28 ಕೋನೀಯ ಸೆಕೆಂಡು. ಸುಮಾರು 800 ವರ್ಷಗಳಲ್ಲಿ ಅದು ಪೂರ್ಣಚಂದ್ರನ ಅಗಲದಷ್ಟು ಸರಿಯುತ್ತದೆ.

ಸೂರ್ಯನಿಗೆ ಸಾಪೇಕ್ಷವಾಗಿ ಸೆಕೆಂಡಿಗೆ ಸುಮಾರು 120 ಕಿಲೋಮೀಟರ್ ವೇಗ, ಸೂರ್ಯನದರ ಮೂರನೆಯ ಒಂದು ಭಾಗದಷ್ಟೇ ಕಬ್ಬಿಣಾಂಶ: ಇವೆರಡೂ ಸ್ವಾತಿ ಹಳೆಯ ಪೀಳಿಗೆಗೆ ಸೇರಿದುದೆಂದು ಸೂಚಿಸುತ್ತವೆ. ಇದರೊಡನೆ ಸಾಗುವ ತಾರೆಗಳ ಗುಂಪನ್ನು ಓಲಿನ್ ಎಗ್ಗೆನ್ 1971ರಲ್ಲಿ ಗುರುತಿಸಿದನು. ಆಕಾಶಗಂಗೆಯು ನುಂಗಿದ ಕಿರುಗೆಲಾಕ್ಸಿಯೊಂದರ ಅವಶೇಷವೇ ಈ ಗುಂಪು ಎಂಬ ವಾದ 2004ರಲ್ಲಿ ಮಂಡಿತವಾಯಿತು. ಆದರೆ ಸದಸ್ಯ ತಾರೆಗಳ ರಾಸಾಯನಿಕ ಸಂಯೋಜನೆ ಏಕರೂಪವಾಗಿಲ್ಲದಿರುವುದು ಆ ವಾದಕ್ಕೆ ಪ್ರತಿಕೂಲವಾಗಿದೆ. ಆಕಾಶಗಂಗೆಯದೇ ಗುರುತ್ವ ಪ್ರಭಾವದಿಂದ ಬೇರೆ ಬೇರೆ ಮೂಲದ ತಾರೆಗಳು ಒಂದೇ ಗತಿಗೆ ಬಂದಿರುವ ಸಾಧ್ಯತೆಯನ್ನು ಅದು ಪುಷ್ಟೀಕರಿಸುತ್ತದೆ. ಬರಿಗಣ್ಣಿಗೆ ಇಷ್ಟು ಸುಪರಿಚಿತವಾದ ತಾರೆಯೊಂದರ ಜನ್ಮಸ್ಥಾನವನ್ನು ನಿರ್ಧರಿಸುವುದೆಂದರೆ ನಮ್ಮ ಗೆಲಾಕ್ಸಿಯ ಪೂರ್ವೇತಿಹಾಸವನ್ನೇ ನಿರ್ಧರಿಸುವುದಾಗಿದೆ.