ಭಾರವಾಗಿ ಓಡುವ ಕಾರು: ಘಟ್ಟ ಇಳಿಯುವ ಮುನ್ನ ತಿಳಿದಿರಬೇಕಾದದ್ದು

ಮೇ ತಿಂಗಳ ರಜೆ, ನವರಾತ್ರಿ, ದೈವದ ಕೋಲ, ಬಂಧುಗಳ ಮದುವೆ ಎಂದು ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಾವು ವರ್ಷಕ್ಕೆ ಒಂದೆರಡು ಬಾರಿಯಾದರೂ ಸ್ವಂತ ಕಾರಿನಲ್ಲಿ ಊರಿಗೆ ಹೊರಡುವುದು ಈಗ ಸಾಮಾನ್ಯವಾಗಿದೆ. ಮುಂಬಯಿಯಿಂದ ಮಂಗಳೂರಿಗೆ ಸುಮಾರು 900 ಕಿ.ಮೀ. ದೂರ, ಯಾವ ದಾರಿ ಹಿಡಿದರೂ ಏರಿಳಿವು ತಪ್ಪಿದ್ದಲ್ಲ. ವರ್ಷದ ಉಳಿದ ದಿನಗಳಲ್ಲಿ ಸೊಸೈಟಿಯ ಅಂಗಳದಲ್ಲಿ ನಿಂತಿರುವ ಅಥವಾ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಕಾರು ಹೆದ್ದಾರಿಗೆ ಬಂದಾಗ, ಯಾಕೋ ಭಾರವಾಗಿ ಓಡುತ್ತಿದೆ ಎನಿಸುವುದುಂಟು. ಬಹುತೇಕರು ಇದನ್ನು ಎಂಜಿನ್ನಿನ ದಣಿವೆಂದು ಭಾವಿಸಿ ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತಾರೆ. ದೋಷ ಎಂಜಿನ್ನಿನಲ್ಲಿರದೆ ಚಕ್ರದಲ್ಲಿದ್ದರೆ ಇದು ಅಪಾಯಕ್ಕೆ ದಾರಿಯಾಗಬಲ್ಲುದು.

ದೋಷ ಎಲ್ಲಿದೆ?

ಮನೆಯ ತಿಂಗಳ ಲೆಕ್ಕ ಸರಿದೂಗದಿದ್ದರೆ, ಒಂದೋ ಆದಾಯ ಇಳಿದಿರಬೇಕು, ಇಲ್ಲವೇ ಖರ್ಚು ಏರಿರಬೇಕು. ಕಾರಿನ ವಿಷಯವೂ ಹಾಗೆಯೇ. ಎಂಜಿನ್ ಸಾಕಷ್ಟು ಶಕ್ತಿ ಕೊಡುತ್ತಿಲ್ಲದಿರಬಹುದು. ಅಥವಾ ಶಕ್ತಿ ಕೊಟ್ಟರೂ ಏನೋ ಒಂದು ಚಕ್ರಗಳನ್ನು ಹಿಡಿದಿಟ್ಟಿರಬಹುದು. ಗ್ಯಾರೇಜಿಗೆ ಹೋಗುವ ಮೊದಲೇ ಇದನ್ನು ನಾವೇ ಗುರುತಿಸಿಕೊಂಡರೆ ಅನಗತ್ಯ ಬಿಡಿಭಾಗಗಳಿಗೆ ಹಣ ತೆರುವುದು ತಪ್ಪುತ್ತದೆ.

ಪರೀಕ್ಷೆ ಸರಳ. ಸಮತಟ್ಟಾದ, ವಾಹನಸಂಚಾರವಿಲ್ಲದ ನೇರ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿರುವಾಗ ಕಾರನ್ನು ನ್ಯೂಟ್ರಲ್‌ಗೆ ತರಬೇಕು. ಎಂಜಿನ್ ಮಾತ್ರ ಆರಿಸಕೂಡದು. ಆರಿಸಿದರೆ ಬ್ರೇಕಿಗೂ ಸ್ಟಿಯರಿಂಗಿಗೂ ಇರುವ ನೆರವು ಕೈತಪ್ಪುತ್ತದೆ. ಆರೋಗ್ಯವಂತ ಕಾರು ನಿಧಾನವಾಗಿ ವೇಗ ಕಳೆದುಕೊಳ್ಳುತ್ತಾ ಬಹುದೂರ ಸಾಗುತ್ತದೆ. ಯಾರೋ ಹಿಂದಿನಿಂದ ಹಿಡಿದಂತೆ ಬೇಗನೆ ನಿಂತರೆ ಅಥವಾ ಒಂದು ಬದಿಗೆ ಎಳೆದರೆ ಚಕ್ರಗಳ ಕಡೆ ನೋಡಬೇಕು. ಸಲೀಸಾಗಿ ಉರುಳಿದರೆ ಎಂಜಿನ್ನಿನ ಕಡೆ ನೋಡಬೇಕು.

ಚಕ್ರ ಹಿಡಿಯುವುದೇಕೆ?

ಮೊದಲು ಟೈರುಗಳ ಗಾಳಿಯನ್ನು ಪರಿಶೀಲಿಸಬೇಕು. ಚಾಲಕನ ಬಾಗಿಲಿನ ಬಳಿ ಅಂಟಿಸಿದ ಚೀಟಿಯಲ್ಲಿರುವ ಪ್ರಮಾಣಕ್ಕೆ, ಟೈರು ತಣ್ಣಗಿರುವಾಗ ಅಳೆಯಬೇಕು. ಗಾಳಿ ಸರಿಯಿದ್ದರೆ ಮುಂದಿನ ಶಂಕೆ ಬ್ರೇಕಿನ ಮೇಲೆ.

ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಹತ್ತು ಹದಿನೈದು ಕಿ.ಮೀ. ಓಡಿಸಿ, ಕಾರು ನಿಲ್ಲಿಸಿ, ನಾಲ್ಕೂ ಚಕ್ರಗಳ ಸಮೀಪ ಅಂಗೈ ಹಿಡಿದು ನೋಡಬೇಕು. ಮುಟ್ಟಬಾರದು; ಸುಡುವಷ್ಟು ಬಿಸಿಯಿರಬಹುದು. ಉಳಿದವುಗಳಿಗಿಂತ ಒಂದು ಚಕ್ರ ಹೆಚ್ಚು ಕಾದಿದ್ದರೆ, ಸುಟ್ಟ ವಾಸನೆಯಿದ್ದರೆ, ರಿಮ್ಮಿನ ಮೇಲೆ ಕಪ್ಪು ಪುಡಿ ಹೆಚ್ಚಾಗಿದ್ದರೆ, ಅಲ್ಲಿನ ಬ್ರೇಕ್ ಪೂರ್ತಿ ಬಿಡುತ್ತಿಲ್ಲವೆಂದು ತಿಳಿಯಬಹುದು. ವೇಗದೊಂದಿಗೆ ಏರುವ ಗುಂಯ್‌ಗುಟ್ಟುವ ಸದ್ದೂ ಇದ್ದರೆ ಬೇರಿಂಗ್ ಸವೆದಿರಬಹುದು.

ಹಿಂದಿನ ಎರಡೂ ಚಕ್ರಗಳು ಕಾದಿದ್ದರೆ ಹ್ಯಾಂಡ್‌ಬ್ರೇಕ್ ಅರ್ಧ ಹಾಗೆಯೇ ಉಳಿದಿರಬಹುದು ಅಥವಾ ಅದರ ಕೇಬಲ್ ತುಕ್ಕು ಹಿಡಿದಿರಬಹುದು. ಮುಂಬಯಿಯ ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರುಗಳಲ್ಲಿ ಇದು ಸಾಮಾನ್ಯ. ಮುಂದಿನ ಒಂದೇ ಚಕ್ರ ಕಾದಿದ್ದರೆ ಕ್ಯಾಲಿಪರ್ ಜಾರುವ ಪಿನ್ನುಗಳು ಗ್ರೀಸಿಲ್ಲದೆ ಬಿಗಿದಿರಬಹುದು, ಪಿಸ್ಟನ್ ಸಿಕ್ಕಿಕೊಂಡಿರಬಹುದು, ಇಲ್ಲವೇ ಬ್ರೇಕಿನ ರಬ್ಬರ್ ನಳಿಕೆ ಒಳಗೆ ಉಬ್ಬಿ ಒತ್ತಡವನ್ನು ಹಿಡಿದಿಟ್ಟಿರಬಹುದು. ಅನುಭವಿ ಮೆಕ್ಯಾನಿಕ್ ಇದನ್ನು ಸುಲಭವಾಗಿ ಬೇರ್ಪಡಿಸಬಲ್ಲ. ಚಕ್ರವನ್ನು ಜ್ಯಾಕಿನ ಮೇಲೆ ಎತ್ತಿ ಬ್ರೇಕಿನ ಬ್ಲೀಡ್ ತಿರುಪನ್ನು ಸಡಿಲಿಸಿದಾಗ ಚಕ್ರ ಬಿಡುಗಡೆಯಾದರೆ ದೋಷ ನಳಿಕೆಯಲ್ಲಿ ಅಥವಾ ಅದಕ್ಕಿಂತ ಮೇಲೆ, ಬಿಡದಿದ್ದರೆ ಕ್ಯಾಲಿಪರಿನಲ್ಲಿ. ಪಿನ್ನುಗಳನ್ನು ಶುಚಿಗೊಳಿಸಿ ಗ್ರೀಸ್ ಹಚ್ಚಿದರೆ ಸರಿಹೋಗುವಲ್ಲಿ ಇಡೀ ಕ್ಯಾಲಿಪರ್ ಬದಲಿಸುವ ಅಗತ್ಯವಿಲ್ಲ ಎಂಬುದನ್ನು ನಾವು ಅರಿತಿರಬೇಕು.

ಘಟ್ಟದಲ್ಲಿ ಆಗುವುದೇನು?

ಊರಿನೊಳಗೆ ಇಂಥ ದೋಷ ಪೆಟ್ರೋಲನ್ನು ತಿನ್ನುತ್ತದೆ, ಪ್ಯಾಡನ್ನು ಸವೆಸುತ್ತದೆ. ಅಂಬೋಲಿ, ಶಿರಾಡಿ, ಚಾರ್ಮಾಡಿಗಳಂಥ ಇಳಿಜಾರಿನಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ನಮ್ಮ ಕಾರುಗಳಲ್ಲಿ ಬಳಸುವ ಬ್ರೇಕ್ ಆಯಿಲ್ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕೆಂದು ಮಾನದಂಡ ಹೇಳುತ್ತದೆ. ತೇವ ಹೀರಿದ ಆಯಿಲಿಗೆ ಅದು ನಿಗದಿಪಡಿಸಿರುವ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಮೊದಲೇ ಕಾದಿರುವ ಬ್ರೇಕನ್ನು ಇಳಿಜಾರಿನಲ್ಲಿ ಮತ್ತೆ ಮತ್ತೆ ಒತ್ತಿದಾಗ ಆಯಿಲ್ ಕುದಿದು ಆವಿಯಾಗುತ್ತದೆ. ದ್ರವದಂತೆ ಆವಿ ಒತ್ತಡವನ್ನು ದಾಟಿಸದು. ಪೆಡಲ್ ನೆಲಕ್ಕೆ ತಾಗಿದರೂ ಕಾರು ನಿಲ್ಲದು.

ಆದ್ದರಿಂದ ಪ್ರತಿ ಎರಡು ವರ್ಷಕ್ಕೊಮ್ಮೆ, ಅಥವಾ ಕಾರಿನ ಕೈಪಿಡಿ ಹೇಳುವ ಅವಧಿಗೆ, ಬ್ರೇಕ್ ಆಯಿಲ್ ಬದಲಿಸುವುದು ಕ್ಷೇಮ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಲಾರಿ ಚಾಲಕರ ಮಾತನ್ನು ಮರೆಯಬಾರದು. ಇಂಧನ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯಕೂಡದು. ದಾರಿಯಲ್ಲಿ ಸುಟ್ಟ ವಾಸನೆ ಬಂದರೆ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ತಾನಾಗಿ ತಣಿಯಲು ಬಿಡಬೇಕು; ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗಬಹುದು ಅಥವಾ ಬಿರಿಯಬಹುದು.

ಎಂಜಿನ್ನಿನ ಸರದಿ

ಕಾರು ಸಲೀಸಾಗಿ ಉರುಳುತ್ತಿದ್ದೂ ಎಳೆತವಿಲ್ಲದಿದ್ದರೆ ಅಗ್ಗದ ಕಾರಣಗಳಿಂದಲೇ ಆರಂಭಿಸೋಣ: ಧೂಳು ತುಂಬಿದ ಏರ್ ಫಿಲ್ಟರ್, ಸವೆದ ಸ್ಪಾರ್ಕ್ ಪ್ಲಗ್, ಕಟ್ಟಿಕೊಂಡ ಇಂಧನ ಫಿಲ್ಟರ್. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಸಿಎನ್‌ಜಿಯಲ್ಲಿ ಓಡುವಾಗ ಎಳೆತ ತುಸು ಕಡಿಮೆಯಿರುವುದು ಸಹಜ. ಪೆಟ್ರೋಲಿಗೆ ಬದಲಿಸಿ ಹೋಲಿಸಿ ನೋಡಬಹುದು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಅದು ತನ್ನನ್ನು ತಾನೇ ಸುಟ್ಟು ಶುಚಿಗೊಳಿಸಿಕೊಳ್ಳಲು ಹೆದ್ದಾರಿಯ ಓಟ ಬೇಕು. ಪೇಟೆಯಲ್ಲಷ್ಟೇ ಓಡಿದರೆ ಅದು ಕಟ್ಟಿಕೊಂಡು ಕಾರು ಮಂಕಾಗುತ್ತದೆ. ಎಂಜಿನ್ ದೀಪ ಉರಿಯುತ್ತಿದ್ದರೆ ಊಹೆ ಬಿಟ್ಟು ಸ್ಕ್ಯಾನರಿನಿಂದ ಪರೀಕ್ಷಿಸುವುದೇ ಲೇಸು.

ಊರಿಗೆ ಹೊರಡುವ ಹಿಂದಿನ ರಾತ್ರಿ ಮಾಡುವ ತಪಾಸಣೆಯಿಂದ ಪ್ರಯೋಜನವಿಲ್ಲ. ಕನಿಷ್ಠ ಒಂದು ವಾರ ಮೊದಲು ಮೇಲಿನ ಎರಡು ಪರೀಕ್ಷೆಗಳನ್ನು ಮುಗಿಸಿದರೆ ದುರಸ್ತಿಗೆ ಅವಕಾಶವಿರುತ್ತದೆ. ಮಳೆಗಾಲದಲ್ಲಿ ಕಾರನ್ನು ಬಹುದಿನ ನಿಲ್ಲಿಸುವವರು, ಜಾಗ ಸಮತಟ್ಟಾಗಿದ್ದರೆ, ಗೇರಿನಲ್ಲಿಟ್ಟು ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಹ್ಯಾಂಡ್‌ಬ್ರೇಕ್ ಸಡಿಲಿಸುವುದು ಒಳ್ಳೆಯದು. ಮನೆಯ ಹಿರಿಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಘಟ್ಟ ಇಳಿಯುವ ನಮಗೆ ಇಷ್ಟು ಎಚ್ಚರಿಕೆ ಹೆಚ್ಚಿನದೇನಲ್ಲ.