ಅಜ್ಜನ ಮನೆಗೆ ಸಿಮೆಂಟ್ ಬಳಿಸಿದ್ರಾ?

ಹಳೇ ಮನೆ ಗೋಡೆ ಉದುರ್ತಿತ್ತು.
ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ರಿ.
ಎರಡು ಮಳೆಗಾಲ ಕಳೀತು,
ಮತ್ತೆ ಉಬ್ಬಿ ಉದುರ್ತಿದೆ.
ಯಾಕೆ?

ಆ ಗೋಡೆ ಕಟ್ಟಿದ್ದು ಇಟ್ಟಿಗೆ, ಸುಣ್ಣದ ಗಾರೆಯಲ್ಲಿ.
ನೆಲದ ತೇವ ಗೋಡೆ ಹತ್ತುತ್ತೆ,
ಗಾರೆ ಮೂಲಕ ಆವಿಯಾಗಿ ಹೊರಗೆ ಹೋಗುತ್ತೆ.
ಸಿಮೆಂಟ್ ಆ ದಾರಿ ಮುಚ್ಚುತ್ತೆ.

ಬೇಸಿಗೇಲಿ ರೇನ್‌ಕೋಟ್ ಹಾಕ್ಕೊಂಡು ಓಡಿ ನೋಡಿ.
ಮಳೆ ಇಲ್ಲ,
ಆದ್ರೂ ಒಳಗೆಲ್ಲ ಒದ್ದೆ!
ಗೋಡೆ ಪಾಡೂ ಅದೇ.

ಸಿಕ್ಕಿಬಿದ್ದ ತೇವ ಒಣಗುವಾಗ ಅದರ ಉಪ್ಪು ಒಳಗೇ ಹರಳುಗಟ್ಟುತ್ತೆ.
ಇಟ್ಟಿಗೆ ಒಳಗಿಂದಲೇ ಪುಡಿಯಾಗುತ್ತೆ.

ಮೈಸೂರಿನ ದೇವರಾಜ ಮಾರುಕಟ್ಟೆನೂ ಗಾರೆ ಕಟ್ಟಡವೇ.
ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ರಸ
ಬೆರೆಸೋ ಕಸುಬು ಇನ್ನೂ ಇದೆ.
ನಿಧಾನದ ಕೆಲಸ, ಹೌದು.
ಸುಣ್ಣ ದಿನಗಟ್ಟಲೆ ನೆನೀಬೇಕು.

ರಿಪೇರಿಗೆ ಮೇಸ್ತ್ರಿ ಬಂದ್ರೆ
ರೇಟ್ ಆಮೇಲೆ ಕೇಳಿ.
ಮೊದಲು ಕೇಳಿ:
"ಗಾರೆ ಕೆಲಸ ಬರುತ್ತಾ?"